ಚೆನ್ನಾಗಿ ಓಡುತ್ತಿದ್ದ ಫ್ಲ್ಯಾಶ್ ಪಾಠಗಳು ಈಗ ಯಾಕೆ ತೆರೆಯುವುದಿಲ್ಲ?

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. 2009ರಿಂದ 2013ರವರೆಗೆ ಬಿಡುವು ಸಿಕ್ಕಾಗಲೆಲ್ಲ ಕೂತು, ಚಲಿಸುವ ಚಿತ್ರ ಮಾಡುವ ಫ್ಲ್ಯಾಶ್ ತಂತ್ರಾಂಶದಲ್ಲಿ ನಲವತ್ತು ಪಾಠ ಮಾಡಿದ್ದೆ. ಹೃದಯ ರಕ್ತವನ್ನು ಹೇಗೆ ತಳ್ಳುತ್ತದೆ ಎಂಬ ಪಾಠ ಮಕ್ಕಳಿಗೆ ತುಂಬಾ ಇಷ್ಟ. ಈಗ ಯಾವ ಬ್ರೌಸರ್‌ನಲ್ಲೂ ಅವು ತೆರೆಯುವುದಿಲ್ಲ. ಚೆನ್ನಾಗಿ ಓಡುತ್ತಿದ್ದುದನ್ನು ಯಾಕೆ ತೆಗೆದರು? ಯಾರು ತೀರ್ಮಾನ ಮಾಡಿದರು? ಮುಕ್ತ ಮಾನದಂಡ ಬಂತು ಅನ್ನುತ್ತಾರೆ. ಅದು ಒಂದು ಕಂಪನಿಯ ಕೈಯಿಂದ ಇನ್ನೊಂದು ಕಂಪನಿಯ ಕೈಗೆ ಹೋದದ್ದಷ್ಟೇ ಅಲ್ವಾ? ನನ್ನ ಪಾಠಗಳನ್ನು ಉಳಿಸಿಕೊಳ್ಳಲು ದಾರಿ ಇದೆಯೇ?

ಉತ್ತರ: ಮೊದಲು ಸಮಾಧಾನದ ಮಾತು. ನಿಮ್ಮ ಪಾಠಗಳು ಹಾಳಾಗಿಲ್ಲ. ಯಾವ ಫೈಲನ್ನೂ ಅಳಿಸಬೇಡಿ. ಅವನ್ನು ಮತ್ತೆ ಓಡಿಸುವ ದಾರಿ ಇದೆ, ಕೊನೆಯಲ್ಲಿ ಹೇಳುತ್ತೇನೆ. ಅದಕ್ಕೂ ಮೊದಲು 'ಯಾಕೆ ತೆಗೆದರು' ಎಂಬುದನ್ನು ನೋಡಿಬಿಡೋಣ. ಅದು ಗೊತ್ತಾದರೆ ಪಾಠಗಳನ್ನು ಈ ಸಲ ಹೇಗೆ ಕಟ್ಟಬೇಕು ಎಂಬುದು ತಾನಾಗಿ ಗೊತ್ತಾಗುತ್ತದೆ.

ಫ್ಲ್ಯಾಶ್ ಬ್ರೌಸರ್‌ನಲ್ಲಿ ಓಡುತ್ತಿದ್ದುದು ಪ್ಲಗಿನ್ ಆಗಿ, ಅಂದರೆ ಬ್ರೌಸರ್‌ಗೆ ಹೊರಗಿನಿಂದ ಸೇರಿಸಿದ ತಂತ್ರಾಂಶವಾಗಿ. ಅದು ಹೇಗೆ ಬಂತು ಎಂಬಲ್ಲಿಂದ ಶುರು ಮಾಡೋಣ. 1995ರ ಸುಮಾರಿಗೆ ಬ್ರೌಸರ್‌ಗೆ ಗೊತ್ತಿದ್ದುದು ಅಕ್ಷರ, ಚಿತ್ರ ಮತ್ತು ಕೊಂಡಿ. ಹಾಡು, ವಿಡಿಯೊ, ಚಲಿಸುವ ಚಿತ್ರ ಯಾವುದೂ ಅದಕ್ಕೆ ಬರುತ್ತಿರಲಿಲ್ಲ. ತಮ್ಮ ಪಿಡಿಎಫ್ ಕಡತಗಳು ಬ್ರೌಸರ್ ಒಳಗೇ ಕಾಣಬೇಕು ಎಂಬ ಆಸೆ ಅಡೋಬಿ ಕಂಪನಿಯವರಿಗಿತ್ತು. ನೆಟ್‌ಸ್ಕೇಪ್ ನ್ಯಾವಿಗೇಟರ್‌ನ 2ನೇ ಆವೃತ್ತಿಯಲ್ಲಿ ಅದಕ್ಕೊಂದು ಬಾಗಿಲು ತೆರೆಯಿತು. ಅದರ ಹೆಸರು ಎನ್‌ಪಿಎಪಿಐ.

ಆ ಬಾಗಿಲು ಕೆಲಸ ಮಾಡುತ್ತಿದ್ದ ಬಗೆ ಹೀಗೆ. ಪುಟ ಬರೆಯುವವರು ಪುಟದ ನಡುವೆ ಒಂದು ಚೌಕ ಬಿಡುತ್ತಾರೆ. ಇಷ್ಟು ಅಗಲ, ಇಷ್ಟು ಎತ್ತರ, ಇಂಥ ಫೈಲ್ ಎಂದು ಬರೆಯುತ್ತಾರೆ. ಬ್ರೌಸರ್ ಆ ಫೈಲಿನ ಬಗೆ ನೋಡಿ, ಅದಕ್ಕೆ ತಕ್ಕ ಪ್ಲಗಿನ್ ನಿಮ್ಮ ಕಂಪ್ಯೂಟರ್‌ನಲ್ಲಿದೆಯೇ ಎಂದು ಹುಡುಕುತ್ತದೆ. ಇದ್ದರೆ ಅದನ್ನು ಕರೆದು, 'ಈ ಚೌಕ ನಿನ್ನದು, ಏನು ಬೇಕಾದರೂ ಬರೆದುಕೋ, ಮೌಸ್ ಅಲ್ಲಿಗೆ ಬಂದರೆ ಹೇಳುತ್ತೇನೆ' ಎನ್ನುತ್ತದೆ. ಬ್ರೌಸರ್‌ನ ಕೆಲಸ ಅಲ್ಲಿಗೆ ಮುಗಿಯಿತು. ಚೌಕದ ಒಳಗೆ ಏನು ನಡೆಯುತ್ತಿದೆ ಎಂಬುದು ಅದಕ್ಕೆ ಗೊತ್ತಿಲ್ಲ. ಈ ಚೌಕವನ್ನು ಮರೆಯಬೇಡಿ. ಪ್ಲಗಿನ್‌ಗಳ ಒಳ್ಳೆಯದೂ ಕೆಟ್ಟದ್ದೂ ಎರಡೂ ಅದರಿಂದಲೇ ಬಂದವು.

ಒಳ್ಳೆಯದನ್ನು ಮನಸ್ಸು ಬಿಚ್ಚಿ ಹೇಳಬೇಕು. ಬ್ರೌಸರ್ ಮಾಡುವವರ ಅಪ್ಪಣೆಗೆ ಕಾಯದೆ ಯಾರು ಬೇಕಾದರೂ ಹೊಸದೊಂದನ್ನು ಸೇರಿಸಬಹುದಿತ್ತು. ರಿಯಲ್‌ಪ್ಲೇಯರ್‌ನಿಂದ ಧ್ವನಿ ಬಂತು, ಕ್ವಿಕ್‌ಟೈಮ್‌ನಿಂದ ವಿಡಿಯೊ ಬಂತು, ಜಾವಾ ಭಾಷೆಯಲ್ಲಿ ಬರೆದ ಪುಟ್ಟ ಪ್ರೋಗ್ರಾಂಗಳಾದ ಆ್ಯಪ್ಲೆಟ್‌ಗಳು ಬಂದವು. 1996ರಲ್ಲಿ ಫ್ಯೂಚರ್‌ಸ್ಪ್ಲ್ಯಾಶ್ ಎಂಬ ಪುಟ್ಟ ತಂತ್ರಾಂಶ ಬಂತು. ಅದನ್ನು ಮ್ಯಾಕ್ರೋಮೀಡಿಯಾ ಕೊಂಡು ಫ್ಲ್ಯಾಶ್ ಎಂದು ಹೆಸರಿಟ್ಟಿತು. 2005ರಲ್ಲಿ ಮ್ಯಾಕ್ರೋಮೀಡಿಯಾವನ್ನೇ ಅಡೋಬಿ ಕೊಂಡಿತು.

ಫ್ಲ್ಯಾಶ್‌ನ ಜಾಣತನ ಎಲ್ಲಿತ್ತು ಗೊತ್ತೇ? ನಿಮ್ಮ ಹೃದಯದ ಪಾಠದ ಫೈಲ್ ಎಷ್ಟು ದೊಡ್ಡದಿದೆ ಎಂದು ನೋಡಿ. ಬಹುಶಃ ಒಂದು ಸಾಮಾನ್ಯ ಫೋಟೋಗಿಂತ ಚಿಕ್ಕದಿರುತ್ತದೆ. ಯಾಕೆಂದರೆ ಅದರಲ್ಲಿ ಚಿತ್ರಗಳಿಲ್ಲ, ಗೆರೆಗಳ ಲೆಕ್ಕ ಇದೆ. ಈ ಬಿಂದುವಿನಿಂದ ಆ ಬಿಂದುವಿಗೆ ಇಷ್ಟು ಬಾಗಿದ ಗೆರೆ ಎಳೆ, ಒಳಗೆ ಕೆಂಪು ತುಂಬು, ಹತ್ತನೇ ಫ್ರೇಮ್‌ಗೆ ಬರುವಷ್ಟರಲ್ಲಿ ಇಷ್ಟು ಕುಗ್ಗಿಸು, ಅಷ್ಟೇ. ದೂರವಾಣಿ ತಂತಿಯ ಮೇಲೆ ಇಂಟರ್‌ನೆಟ್ ತೆವಳುತ್ತಿದ್ದ ಕಾಲದಲ್ಲಿ ಇದು ದೊಡ್ಡ ವರ. ಅದಕ್ಕಿಂತ ದೊಡ್ಡದು ಅದನ್ನು ಮಾಡುವ ತಂತ್ರಾಂಶ. ಕೋಡ್ ಬರೆಯಲು ಬಾರದ ಒಬ್ಬ ಮೇಷ್ಟ್ರು ಗೆರೆ ಎಳೆದು, ಟೈಮ್‌ಲೈನ್ ಮೇಲೆ ಜೋಡಿಸಿ, ಒಂದು ಪಾಠ ಮಾಡಿ ಮುಗಿಸಬಹುದಿತ್ತು. ಅಷ್ಟು ಸುಲಭವಾದ ಸಾಧನ ಇವತ್ತಿಗೂ ಮತ್ತೆ ಬಂದಿಲ್ಲ ಎಂಬುದು ನನ್ನ ಅನಿಸಿಕೆ. ಮುಕ್ತ ವೆಬ್‌ನ ಪರವಾಗಿ ಮಾತಾಡುವ ನಾವು ಈ ಕೊರತೆಯನ್ನು ಒಪ್ಪಿಕೊಳ್ಳಬೇಕು.

ಇನ್ನು ಚೌಕದ ಕೆಟ್ಟ ಮುಖ. ಚೌಕದೊಳಗಿನ ಪದವನ್ನು ಬ್ರೌಸರ್‌ನ ಹುಡುಕಾಟ ಹುಡುಕುವುದಿಲ್ಲ. ಬ್ರೌಸರ್‌ನಲ್ಲಿ ಅಕ್ಷರ ದೊಡ್ಡದು ಮಾಡಿದರೆ ಸುತ್ತಲಿನದು ದೊಡ್ಡದಾಗುತ್ತಿತ್ತು, ಒಳಗಿನದು ಹಾಗೇ ಉಳಿಯುತ್ತಿತ್ತು. ಹಿಂದೆ ಹೋಗುವ ಬಟನ್ ಒತ್ತಿದರೆ ಪಾಠದ ಹಿಂದಿನ ಹೆಜ್ಜೆಗೆ ಹೋಗದೆ ಇಡೀ ಪುಟವೇ ಕೈತಪ್ಪುತ್ತಿತ್ತು.

ಒಂದು ದಿನ ನಾನು ಕಣ್ಣು ಕಾಣದ ಸಹೋದ್ಯೋಗಿಯೊಬ್ಬರ ಪಕ್ಕ ಕೂತಿದ್ದೆ. ನಾನೇ ಮಾಡಿದ ಒಂದು ಫ್ಲ್ಯಾಶ್ ಪುಟವನ್ನು ಅವರು ತೆರೆದಿದ್ದರು. ಪರದೆ ಓದುವ ತಂತ್ರಾಂಶ ಪುಟದ ತಲೆಬರಹ ಓದಿತು, ಮೆನು ಓದಿತು. ಚೌಕಕ್ಕೆ ಬಂದಾಗ 'ಬಟನ್, ಬಟನ್, ಬಟನ್' ಎಂದಿತು. ಯಾವ ಬಟನ್ಗೂ ಹೆಸರಿಲ್ಲ. ಅವರು ಟ್ಯಾಬ್ ಕೀ ಒತ್ತುತ್ತಾ ಹೋದರು, ಒಳಗಡೆಯೇ ಸುತ್ತು ಹೊಡೆದರು, ಹೊರಗೆ ಬರಲು ಆಗಲಿಲ್ಲ. ಕೊನೆಗೆ ಬ್ರೌಸರ್ ಮುಚ್ಚಿದರು. ಬಟನ್‌ಗಳಿಗೆ ಹೆಸರು ಕೊಡುವ ಅನುಕೂಲ ಫ್ಲ್ಯಾಶ್‌ನಲ್ಲಿ ಇತ್ತು. ಆದರೆ ಅದು ವಿಂಡೋಸ್‌ನಲ್ಲಿ ಮಾತ್ರ ಕೆಲಸ ಮಾಡುತ್ತಿತ್ತು, ಮತ್ತು ನಾನು ಕೊಟ್ಟಿರಲಿಲ್ಲ. ವೆಬ್ ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನ ಸಾದಾ ಬಟನ್ ಆಗಿದ್ದರೆ, ಮೇಲೆ ಬರೆದ ಅಕ್ಷರವೇ ಅದರ ಹೆಸರಾಗುತ್ತಿತ್ತು. ಆ ಮಧ್ಯಾಹ್ನದ ನಂತರ ನಾನು ಹೊಸ ಕೆಲಸಗಳಿಗೆ ಫ್ಲ್ಯಾಶ್ ಬಳಸುವುದನ್ನು ಕಡಿಮೆ ಮಾಡುತ್ತಾ ಬಂದೆ.

ಭದ್ರತೆಯ ವಿಷಯ ಇನ್ನೂ ಗಂಭೀರ. ಪ್ಲಗಿನ್ ಅಂದರೆ ನಿಮ್ಮ ಕಂಪ್ಯೂಟರ್‌ನಲ್ಲಿ ನಿಮ್ಮದೇ ಅಧಿಕಾರದಲ್ಲಿ ಓಡುವ ಪೂರ್ಣ ಪ್ರಮಾಣದ ಪ್ರೋಗ್ರಾಂ. ಅದರಲ್ಲಿ ಒಂದು ದೋಷ ಇದ್ದರೆ, ಒಂದು ಪುಟ ತೆರೆದ ಮಾತ್ರಕ್ಕೆ ಹೊರಗಿನವರು ಕಂಪ್ಯೂಟರ್ ಒಳಗೆ ಬರಬಹುದು. 2013ರ ಜನವರಿಯಲ್ಲಿ ಜಾವಾ ಪ್ಲಗಿನ್‌ನಲ್ಲಿ ಇಂಥ ದೋಷ ಸಿಕ್ಕಾಗ, ಬ್ರೌಸರ್‌ನಲ್ಲಿ ಜಾವಾ ಆರಿಸಿಬಿಡಿ ಎಂದು ಅಮೆರಿಕದ ಸರ್ಕಾರಿ ಭದ್ರತಾ ವಿಭಾಗವೇ ಜನರಿಗೆ ಹೇಳಿತು. 2015ರ ಜುಲೈನಲ್ಲಿ ಇಟಲಿಯ ಹ್ಯಾಕಿಂಗ್ ಟೀಮ್ ಎಂಬ ಕಂಪನಿಯ ಕಡತಗಳು ಹೊರಬಿದ್ದವು. ಗೂಢಚಾರಿಕೆ ತಂತ್ರಾಂಶ ಮಾರುವ ಕಂಪನಿ ಅದು. ಆ ಕಡತಗಳಲ್ಲಿ ಫ್ಲ್ಯಾಶ್‌ನ ಗುಟ್ಟಿನ ದೋಷಗಳು ಒಂದಲ್ಲ, ಹಲವು ಇದ್ದವು. ಫೈರ್‌ಫಾಕ್ಸ್ ಆ ವಾರ ಫ್ಲ್ಯಾಶನ್ನು ಕೆಲ ಸಮಯ ತಡೆದೇಬಿಟ್ಟಿತು.

ಮೈಕ್ರೋಸಾಫ್ಟ್‌ನ ಪ್ಲಗಿನ್ ವ್ಯವಸ್ಥೆಯಾದ ಆ್ಯಕ್ಟಿವ್‌ಎಕ್ಸ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಪ್ಲಗಿನ್ ಒಂದು ದೇಶದ ವ್ಯವಸ್ಥೆಯನ್ನೇ ಹೇಗೆ ಕಟ್ಟಿಹಾಕಬಹುದು ಎಂಬುದಕ್ಕೆ ದಕ್ಷಿಣ ಕೊರಿಯಾದ ಉದಾಹರಣೆ ಇದೆ. 1990ರ ದಶಕದಲ್ಲಿ ಬಲವಾದ ಗೂಢಲಿಪಿ ತಂತ್ರಜ್ಞಾನವನ್ನು ಹೊರದೇಶಕ್ಕೆ ಕಳಿಸಲು ಅಮೆರಿಕ ಬಿಡುತ್ತಿರಲಿಲ್ಲ. ಹೊರಗಿನವರಿಗೆ ಸಿಗುತ್ತಿದ್ದ ಬ್ರೌಸರ್‌ಗಳಲ್ಲಿ 40 ಬಿಟ್‌ನ ದುರ್ಬಲ ಬೀಗ. ಬ್ಯಾಂಕ್ ವ್ಯವಹಾರಕ್ಕೆ ಅದು ಸಾಲದು ಎಂದು ಕೊರಿಯಾದವರು 1998ರಲ್ಲಿ ಸೀಡ್ ಎಂಬ 128 ಬಿಟ್‌ನ ತಮ್ಮದೇ ಬೀಗ ಮಾಡಿಕೊಂಡರು. ಆ ಹೊತ್ತಿಗೆ ಅದು ಒಳ್ಳೆಯ ಕೆಲಸವೇ. ಆದರೆ ಆಗ ಯಾವ ಬ್ರೌಸರ್‌ಗೂ ಸೀಡ್ ಗೊತ್ತಿರಲಿಲ್ಲ. ಹಾಗಾಗಿ ಅದನ್ನು ಆ್ಯಕ್ಟಿವ್‌ಎಕ್ಸ್ ಮೂಲಕ ಒಳಗೆ ತಂದರು. ಆ್ಯಕ್ಟಿವ್‌ಎಕ್ಸ್ ಓಡುವುದು ವಿಂಡೋಸ್ ಮೇಲೆ, ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ.

2000ದಲ್ಲಿ ಅಮೆರಿಕ ನಿಯಮ ಸಡಿಲಿಸಿತು. ಬಲವಾದ ಬೀಗ ಎಲ್ಲ ಬ್ರೌಸರ್‌ಗೂ ಬಂತು. ಮೂಲ ಕಾರಣವೇ ಹೋಯಿತು, ಆದರೆ ವ್ಯವಸ್ಥೆ ಉಳಿಯಿತು. ಬ್ಯಾಂಕು, ಅಂಗಡಿ, ಸರ್ಕಾರಿ ಕೆಲಸ ಎಲ್ಲಕ್ಕೂ ಅದೇ ಬ್ರೌಸರ್ ಬೇಕು. ಬೇರೆ ಕಂಪ್ಯೂಟರ್ ಇದ್ದವರಿಗೆ ದಾರಿ ಇಲ್ಲ. ಅದಕ್ಕಿಂತ ಕೆಟ್ಟದ್ದು ಜನರ ಕೈಗೆ ಅಂಟಿದ ಅಭ್ಯಾಸ. ಬ್ಯಾಂಕಿನ ಪುಟ ತೆರೆದರೆ 'ಇದನ್ನು ಹಾಕಲೇ?' ಎಂಬ ಪ್ರಶ್ನೆ ಮೂರು ನಾಲ್ಕು ಸಲ ಬರುತ್ತಿತ್ತು, ಜನ ಓದದೇ 'ಹೌದು' ಒತ್ತುತ್ತಿದ್ದರು. ಭದ್ರತೆಗಾಗಿ ಬಂದದ್ದೇ ಕಳ್ಳರಿಗೆ ದಾರಿ ಹಾಸಿಕೊಟ್ಟಿತು. ಈ ವ್ಯವಸ್ಥೆಯಲ್ಲಿ ಗ್ರಾಹಕರ ಗುರುತು ಖಚಿತಪಡಿಸುತ್ತಿದ್ದ ಡಿಜಿಟಲ್ ಪ್ರಮಾಣಪತ್ರಕ್ಕೆ ಇದ್ದ ಕಾನೂನಿನ ವಿಶೇಷ ಸ್ಥಾನ ಹೋದದ್ದು 2020ರ ಡಿಸೆಂಬರ್‌ನಲ್ಲಿ. ಕಾರಣ ತೀರಿದ ಮೇಲೆ ಇಪ್ಪತ್ತು ವರ್ಷ.

ಈಗ ನಿಮ್ಮ ಎರಡನೇ ಪ್ರಶ್ನೆ, ತೀರ್ಮಾನ ಮಾಡಿದವರು ಯಾರು? ಯಾರೋ ಒಬ್ಬರು ಒಂದು ದಿನ ಮಾಡಿದ್ದಲ್ಲ. 2010ರ ಏಪ್ರಿಲ್‌ನಲ್ಲಿ ಆ್ಯಪಲ್‌ನ ಸ್ಟೀವ್ ಜಾಬ್ಸ್ ಫ್ಲ್ಯಾಶ್ ವಿರುದ್ಧ ಬಹಿರಂಗ ಪತ್ರ ಬರೆದರು. ಐಫೋನ್‌ಗೆ ಫ್ಲ್ಯಾಶ್ ಯಾಕೆ ಬಿಡುವುದಿಲ್ಲ ಎಂಬುದಕ್ಕೆ ಕಾರಣ ಕೊಟ್ಟರು. ಫ್ಲ್ಯಾಶ್ ಸಾಯಲು ಅದೇ ಕಾರಣ ಎಂದು ಹಲವರು ಹೇಳುತ್ತಾರೆ. ನನಗೆ ಅದು ಅರ್ಧ ಮಾತು ಅನಿಸುತ್ತದೆ. ಅವರ ಕಂಪನಿಗೂ ತನ್ನ ಆ್ಯಪ್ ಅಂಗಡಿಯ ಹಿತ ಇತ್ತು. ಪತ್ರದಲ್ಲಿದ್ದ ಬ್ಯಾಟರಿ, ಭದ್ರತೆ, ಬೆರಳಿನ ಸ್ಪರ್ಶದ ಮಾತುಗಳು ಮಾತ್ರ ನಿಜವೇ ಆಗಿದ್ದವು. ಮೌಸ್ ಬಾಣ ಮೇಲೆ ಬಂದರೆ ಮೆನು ತೆರೆಯುವ ಹಾಗೆ ಮಾಡಿದ ಫ್ಲ್ಯಾಶ್ ಪುಟಕ್ಕೆ ಬೆರಳಿನ ಫೋನಿನಲ್ಲಿ ಏನು ಮಾಡುವುದು? ಬೆರಳು ಸುಮ್ನೆ ಮೇಲೆ ತೇಲುವುದಿಲ್ಲವಲ್ಲ. 2011ರ ನವೆಂಬರ್‌ನಲ್ಲಿ ಅಡೋಬಿ ತಾನೇ ಫೋನ್‌ಗಳ ಫ್ಲ್ಯಾಶ್ ಕೆಲಸ ನಿಲ್ಲಿಸುವುದಾಗಿ ಹೇಳಿತು.

ನಿಜವಾದ ಕೆಲಸ ಅದಕ್ಕೂ ಮೊದಲೇ ಸದ್ದಿಲ್ಲದೆ ಶುರುವಾಗಿತ್ತು. 2004ರಲ್ಲಿ ಆ್ಯಪಲ್, ಮೊಜಿಲ್ಲಾ, ಒಪೆರಾದವರು ವಾಟ್‌ವಿಜಿ ಎಂಬ ಗುಂಪು ಕಟ್ಟಿದರು. ವೆಬ್‌ನ ಮಾನದಂಡ ನೋಡಿಕೊಳ್ಳುವ ಡಬ್ಲ್ಯು3ಸಿ ಆಗ ಹಳೆಯ ಎಚ್‌ಟಿಎಂಎಲ್ ಬಿಟ್ಟು ಎಲ್ಲವನ್ನೂ ಹೊಸದಾಗಿ ಬರೆಯುವ ಯೋಚನೆಯಲ್ಲಿತ್ತು. ಈ ಗುಂಪು, ಇರುವುದನ್ನೇ ಸರಿಪಡಿಸಿ ಬೆಳೆಸೋಣ ಎಂದಿತು. ಅದೇ ಮುಂದೆ ಎಚ್‌ಟಿಎಂಎಲ್5 ಆಯಿತು. ಡಬ್ಲ್ಯು3ಸಿ ಅದಕ್ಕೆ ಅಂತಿಮ ಮುದ್ರೆ ಹಾಕಿದ್ದು 2014ರ ಅಕ್ಟೋಬರ್‌ನಲ್ಲಿ.

ಅವರು ಮಾಡಿದ್ದು ಇಷ್ಟೇ. ಜನ ಯಾವ ಯಾವ ಕೆಲಸಕ್ಕೆ ಪ್ಲಗಿನ್ ಹಾಕಿಕೊಳ್ಳುತ್ತಿದ್ದಾರೆ ಎಂದು ನೋಡಿದರು. ಆ ಒಂದೊಂದು ಕೆಲಸವನ್ನೂ ಬ್ರೌಸರ್‌ಗೇ ಕಲಿಸಿದರು. ಚಿತ್ರ ಬಿಡಿಸಲು ಕ್ಯಾನ್ವಾಸ್. ಅದು 2004ರಲ್ಲಿ ಆ್ಯಪಲ್ ತನ್ನ ಬಳಕೆಗೆ ಮಾಡಿಕೊಂಡಿದ್ದು, ಆಮೇಲೆ ಎಲ್ಲರದಾಯಿತು. ವಿಡಿಯೊ ಟ್ಯಾಗ್ (ಪುಟದಲ್ಲಿ ವಿಡಿಯೊ ಇಡಲು ಎಚ್‌ಟಿಎಂಎಲ್‌ನಲ್ಲಿ ಬರೆಯುವ ಗುರುತು) ಬೇಕು ಎಂದು 2007ರಲ್ಲಿ ಒಪೆರಾ ಮುಂದಿಟ್ಟಿತು. ಮೂರು ಆಯಾಮದ ಚಿತ್ರಕ್ಕೆ 2011ರಲ್ಲಿ ವೆಬ್‌ಜಿಎಲ್ ಬಂತು. ಪಿಡಿಎಫ್ ತೋರಿಸುವುದನ್ನು 2013ರಲ್ಲಿ ಫೈರ್‌ಫಾಕ್ಸ್ ಪ್ಲಗಿನ್ ಇಲ್ಲದೆ, ಬರೀ ಬ್ರೌಸರ್‌ಗೆ ಗೊತ್ತಿರುವ ಕೋಡ್ ಭಾಷೆಯಾದ ಜಾವಾಸ್ಕ್ರಿಪ್ಟ್‌ನಲ್ಲಿ ಮಾಡಿತು. ನೆನಪಿಡಿ, ಪ್ಲಗಿನ್ ಎಂಬ ಬಾಗಿಲು ತೆರೆಯಲು ಕಾರಣವೇ ಪಿಡಿಎಫ್ ಆಗಿತ್ತು. ಕ್ಯಾಮೆರಾ, ಮೈಕ್ ಬಳಸಿ ಮುಖ ನೋಡಿ ಮಾತಾಡಲು ವೆಬ್‌ಆರ್‌ಟಿಸಿ ಬಂತು. ಬೇರೆ ಭಾಷೆಯಲ್ಲಿ ಬರೆದ ಭಾರಿ ಪ್ರೋಗ್ರಾಂಗಳನ್ನು ಬ್ರೌಸರ್‌ನೊಳಗೆ ವೇಗವಾಗಿ ಓಡಿಸಲು ವೆಬ್‌ಅಸೆಂಬ್ಲಿ ಬಂತು, 2019ರ ಡಿಸೆಂಬರ್‌ನಲ್ಲಿ ಅದಕ್ಕೂ ಮುದ್ರೆ ಬಿತ್ತು.

ಪ್ಲಗಿನ್‌ಗಳು ಇಲ್ಲದಿದ್ದರೆ ಇವುಗಳಲ್ಲಿ ಎಷ್ಟು ಬರುತ್ತಿದ್ದವು ಎಂದು ನಾನು ಆಗಾಗ ಯೋಚಿಸುತ್ತೇನೆ. ಪುಟವನ್ನು ಮತ್ತೆ ತೆರೆಯದೆ ಹೊಸ ಮಾಹಿತಿ ತರುವ ತಂತ್ರ ಇದೆಯಲ್ಲ, ಇವತ್ತು ಬಹಳಷ್ಟು ಪುಟಗಳು ಬಳಸುವಂಥದ್ದು, ಅದು ಮೊದಲು ಬಂದದ್ದು 1999ರಲ್ಲಿ, ಎಕ್ಸ್‌ಪ್ಲೋರರ್ 5ರ ಒಂದು ಆ್ಯಕ್ಟಿವ್‌ಎಕ್ಸ್ ತುಣುಕಾಗಿ. ಜನರಿಗೆ ಏನು ಬೇಕು ಎಂಬುದನ್ನು ಪ್ಲಗಿನ್‌ಗಳು ಮೊದಲು ತೋರಿಸಿಕೊಟ್ಟವು. ಆ ಋಣವನ್ನು ಇಲ್ಲ ಅನ್ನಬಾರದು.

ಬದಲಿ ಸಿದ್ಧವಾದ ಮೇಲೆ ಬಾಗಿಲು ಮುಚ್ಚುವುದು ಬೇಗ ಬೇಗ ಆಯಿತು. ಯೂಟ್ಯೂಬ್ 2015ರ ಜನವರಿಯಲ್ಲಿ ಎಚ್‌ಟಿಎಂಎಲ್5 ವಿಡಿಯೊವನ್ನು ಮೊದಲ ಆಯ್ಕೆ ಮಾಡಿತು. ಅದೇ ವರ್ಷ ಕ್ರೋಮ್ ಎನ್‌ಪಿಎಪಿಐ ತೆಗೆಯಿತು. 2017ರ ಮಾರ್ಚ್‌ನಲ್ಲಿ ಫೈರ್‌ಫಾಕ್ಸ್ ಫ್ಲ್ಯಾಶ್ ಒಂದನ್ನು ಬಿಟ್ಟು ಉಳಿದೆಲ್ಲ ಪ್ಲಗಿನ್ ನಿಲ್ಲಿಸಿತು. ಆ ಜುಲೈನಲ್ಲಿ ಅಡೋಬಿಯೇ 2020ರ ಕೊನೆಗೆ ಫ್ಲ್ಯಾಶ್ ಮುಗಿಯುತ್ತದೆ ಎಂದು ಸಾರಿತು. ಮೂರೂವರೆ ವರ್ಷದ ಗಡುವು. 2021ರ ಜನವರಿ 12ರಿಂದ ಫ್ಲ್ಯಾಶ್ ಪ್ಲೇಯರ್ ತಾನೇ ಫೈಲ್‌ಗಳನ್ನು ಓಡಿಸಲು ಒಪ್ಪಲಿಲ್ಲ. ನಿಮ್ಮ ಪಾಠಗಳು ನಿಂತದ್ದು ಬಹುಶಃ ಆಗಲೇ. ನೀವೊಬ್ಬರೇ ಅಲ್ಲ. ದಕ್ಷಿಣ ಆಫ್ರಿಕಾದ ತೆರಿಗೆ ಇಲಾಖೆಯ ಕೆಲವು ಅರ್ಜಿಗಳು ಫ್ಲ್ಯಾಶ್‌ನಲ್ಲೇ ಉಳಿದಿದ್ದವು. ಆ ಅರ್ಜಿ ತೆರೆಯಲೆಂದೇ ಆ ಇಲಾಖೆ ತನ್ನದೇ ಒಂದು ಬ್ರೌಸರ್ ಹೊರತರಬೇಕಾಯಿತು.

ಹಾಗಾದರೆ ಒಂದು ಕಂಪನಿಯಿಂದ ಇನ್ನೊಂದಕ್ಕೆ ಹೋದದ್ದಷ್ಟೇ ಅಲ್ವಾ ಎಂಬ ನಿಮ್ಮ ಅನುಮಾನ? ಅದರಲ್ಲಿ ಹುರುಳಿದೆ, ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ.

ಮೊದಲು 'ಮುಕ್ತ' ಅಂದರೆ ಏನು ಎಂದು ಖಚಿತ ಮಾಡಿಕೊಳ್ಳೋಣ. ಫೈಲ್ ಹೇಗಿರಬೇಕು ಎಂಬ ಬರಹ ಎಲ್ಲರಿಗೂ ಸಿಕ್ಕರೆ ಸಾಕೇ? ಸಾಲದು. ಫ್ಲ್ಯಾಶ್ ಫೈಲಿನ ವಿವರವನ್ನೂ ಪ್ರಕಟಿಸಿದ್ದರು. ಆದರೆ ಅದನ್ನು ಓದಿ ಬೇರೆ ಪ್ಲೇಯರ್ ಮಾಡಬಾರದು ಎಂಬ ಷರತ್ತು 2008ರವರೆಗೂ ಇತ್ತು. ಷರತ್ತು ಹೋದ ಮೇಲೂ, ಮುಂದೆ ಏನು ಸೇರಬೇಕು, ಏನು ಬಿಡಬೇಕು ಎಂಬುದು ಒಂದೇ ಕಂಪನಿಯ ಕೈಯಲ್ಲಿತ್ತು. ನನ್ನ ಮಟ್ಟಿಗೆ ಮುಕ್ತ ಅನ್ನಬೇಕಾದರೆ ಬರಹ ಎಲ್ಲರಿಗೂ ಸಿಗಬೇಕು, ಬಳಸಲು ಹಣ ಕೇಳಬಾರದು, ಮತ್ತು ಒಬ್ಬರ ಕೋಡ್ ಇನ್ನೊಬ್ಬರು ನೋಡದೆ ಬರಹ ಓದಿಯೇ ಕನಿಷ್ಠ ಇಬ್ಬರು ಮಾಡಿ ತೋರಿಸಿರಬೇಕು. ಎಚ್‌ಟಿಎಂಎಲ್ ಈ ಮೂರರಲ್ಲೂ ನಿಲ್ಲುತ್ತದೆ. ಪುಟದಲ್ಲಿ ಒಂದು ಟ್ಯಾಗ್ ಮುಚ್ಚಲು ಮರೆತಿದ್ದರೆ ಬ್ರೌಸರ್ ಅದನ್ನು ಹೇಗೆ ಓದಿಕೊಳ್ಳಬೇಕು ಎಂಬುದನ್ನೂ ಅದರಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದಾರೆ. ಮೊದಲು ಇದಕ್ಕೆ ಒಂದೊಂದು ಬ್ರೌಸರ್‌ದು ಒಂದೊಂದು ದಾರಿ ಇತ್ತು.

ವಿಡಿಯೊ ಟ್ಯಾಗ್‌ನ ವಿಷಯಕ್ಕೆ ಬಂದರೆ ಮಾತ್ರ ಅಷ್ಟು ಸಲೀಸಾಗಿ ಹೇಳಲಾಗದು. ಟ್ಯಾಗ್ ಬೇಕು ಎಂಬುದಕ್ಕೆ ಎಲ್ಲರೂ ಒಪ್ಪಿದರು. ಅದರೊಳಗೆ ಯಾವ ಬಗೆಯ ವಿಡಿಯೊ ಫೈಲ್ ಎಂಬುದಕ್ಕೆ ಜಗಳ ಬಿತ್ತು. ಮೊಜಿಲ್ಲಾ ಮತ್ತು ಒಪೆರಾ ಥಿಯೋರಾ ಅಂದವು, ಅದಕ್ಕೆ ಹಣ ಕೊಡಬೇಕಿಲ್ಲ. ಆ್ಯಪಲ್ ಎಚ್.264 ಅಂದಿತು. ಅದು ಗುಣದಲ್ಲಿ ಮೇಲು, ಫೋನಿನ ಚಿಪ್‌ಗಳಿಗೂ ಗೊತ್ತು. ಆದರೆ ಅದರ ಪೇಟೆಂಟ್‌ಗಳು ಹತ್ತಾರು ಕಂಪನಿಗಳವು, ಬಳಸಿದರೆ ಹಣ ಕೊಡಬೇಕು. ಒಮ್ಮತ ಬರಲಿಲ್ಲ. ಕೊನೆಗೆ ಯಾವುದೇ ಬಗೆಯನ್ನೂ ಕಡ್ಡಾಯ ಮಾಡದೆ ಮಾನದಂಡ ಬರೆದರು. ಗೂಗಲ್ 2010ರಲ್ಲಿ ಆನ್2 ಎಂಬ ಕಂಪನಿ ಕೊಂಡು ಅದರ ವಿಪಿ8 ತಂತ್ರವನ್ನು ಉಚಿತವಾಗಿ ಬಿಟ್ಟಿತು. ಆದರೂ ಫೋನ್‌ಗಳ ಕಾಲ ಎಚ್.264 ಅನ್ನೇ ಗೆಲ್ಲಿಸಿತು. ಮೊಜಿಲ್ಲಾ ಬಹಳ ದಿನ ಹಟ ಹಿಡಿದು ಕೊನೆಗೆ ಒಪ್ಪಿಕೊಂಡಿತು. ಅಷ್ಟು ವರ್ಷ ನಮ್ಮಂಥವರು ಒಂದೊಂದು ವಿಡಿಯೊಗೂ ಎರಡೆರಡು ಫೈಲ್ ಇಟ್ಟುಕೊಂಡು ಒದ್ದಾಡಿದೆವು. 2015ರಲ್ಲಿ ದೊಡ್ಡ ಕಂಪನಿಗಳು ಕೂಡಿಕೊಂಡು ಗುಂಪು ಕಟ್ಟಿ, 2018ರಲ್ಲಿ ಎವಿ1 ಎಂಬ ಹಣ ಬೇಡದ ಬಗೆಯನ್ನು ತಂದದ್ದು ಈ ಕಹಿಯನ್ನು ಉಂಡ ಮೇಲೆಯೇ.

ಇನ್ನೊಂದು ಕಡೆ ಪ್ಲಗಿನ್ ಪೂರ್ತಿ ಹೋಗಲೇ ಇಲ್ಲ. ಸಿನಿಮಾ ತೋರಿಸುವ ನೆಟ್‌ಫ್ಲಿಕ್ಸ್‌ನಂಥವರಿಗೆ ನಕಲು ತಡೆಯುವ ಬೀಗ ಬೇಕಿತ್ತು. ಮೊದಲು ಅದಕ್ಕೆ ಮೈಕ್ರೋಸಾಫ್ಟ್‌ನ ಸಿಲ್ವರ್‌ಲೈಟ್ ಪ್ಲಗಿನ್ ಇತ್ತು. ಅದರ ಬದಲು ಇಎಂಇ ಎಂಬ ಮಾನದಂಡ ತಂದರು, 2017ರ ಸೆಪ್ಟೆಂಬರ್‌ನಲ್ಲಿ ಡಬ್ಲ್ಯು3ಸಿ ಒಪ್ಪಿತು. ಬೀಗದ ಪೆಟ್ಟಿಗೆಯ ಜೊತೆ ಬ್ರೌಸರ್ ಹೇಗೆ ಮಾತಾಡಬೇಕು ಎಂಬುದಷ್ಟೇ ಇಲ್ಲಿ ಮುಕ್ತ. ಪೆಟ್ಟಿಗೆ ಮಾತ್ರ ಗೂಗಲ್, ಮೈಕ್ರೋಸಾಫ್ಟ್, ಆ್ಯಪಲ್‌ಗಳದ್ದು, ಒಳಗೆ ಏನಿದೆ ಎಂದು ಯಾರೂ ನೋಡುವ ಹಾಗಿಲ್ಲ. ಇದನ್ನು ಪ್ರತಿಭಟಿಸಿ, ಇಂಟರ್ನೆಟ್ ಬಳಕೆದಾರರ ಹಕ್ಕುಗಳಿಗಾಗಿ ಹೋರಾಡುವ ಇಎಫ್‌ಎಫ್ ಸಂಸ್ಥೆ ಡಬ್ಲ್ಯು3ಸಿಯಿಂದ ಹೊರನಡೆಯಿತು. ಅವರ ಸಿಟ್ಟು ನ್ಯಾಯವಾದದ್ದು ಎಂದೇ ನಾನು ನಂಬುತ್ತೇನೆ. ಹೊಸದಾಗಿ ಬ್ರೌಸರ್ ಮಾಡುವವರು ಇವತ್ತು ಎಲ್ಲ ಮಾನದಂಡವನ್ನೂ ಓದಿ ಕೋಡ್ ಬರೆದರೂ, ಆ ಪೆಟ್ಟಿಗೆಗಾಗಿ ಈ ಕಂಪನಿಗಳ ಬಾಗಿಲು ತಟ್ಟಲೇಬೇಕು.

ಬ್ರೌಸರ್‌ಗಳ ಸ್ಥಿತಿಯೂ ನೆಮ್ಮದಿ ಕೊಡುವಂಥದ್ದಲ್ಲ. ಮೈಕ್ರೋಸಾಫ್ಟ್ ಎಡ್ಜ್ ಕೂಡ 2020ರಲ್ಲಿ ಕ್ರೋಮ್‌ನ ತಳಹದಿಯಾದ ಗೂಗಲ್‌ನ ಕ್ರೋಮಿಯಂ ಮೇಲೆ ಕೂತಿತು. ಪುಟವನ್ನು ಓದಿ ಪರದೆಗೆ ತರುವ ಒಳಭಾಗಕ್ಕೆ ಎಂಜಿನ್ ಅನ್ನುತ್ತಾರೆ, ದೊಡ್ಡ ಬಳಕೆಯಲ್ಲಿ ಉಳಿದಿರುವ ಎಂಜಿನ್‌ಗಳು ಮೂರೇ. 'ಕ್ರೋಮ್‌ನಲ್ಲಿ ನೋಡಿದೆ, ಸರಿಯಾಗಿದೆ' ಎಂದು ಕೆಲಸ ಮುಗಿಸುವ ಹುಡುಗರನ್ನು ಕಂಡಾಗ, ಹಿಂದೆ 'ಎಕ್ಸ್‌ಪ್ಲೋರರ್ 6ರಲ್ಲಿ ಸರಿಯಾಗಿದೆ' ಎನ್ನುತ್ತಿದ್ದ ದಿನಗಳು ನೆನಪಾಗುತ್ತವೆ.

ಆದರೂ ವ್ಯತ್ಯಾಸ ಇದೆ, ದೊಡ್ಡದೇ ಇದೆ. ಅಡೋಬಿ ಒಂದು ತಾರೀಖು ಗೊತ್ತುಮಾಡಿತು, ನಿಮ್ಮ ನಲವತ್ತು ಪಾಠ ಅವತ್ತು ನಿಂತವು. ಎಚ್‌ಟಿಎಂಎಲ್‌ಗೆ ಹಾಗೆ ತಾರೀಖು ಗೊತ್ತುಮಾಡುವ ಅಧಿಕಾರ ಯಾರಿಗೂ ಇಲ್ಲ. ವೆಬ್ ಹುಟ್ಟಿದ ಸರ್ನ್ ಪ್ರಯೋಗಾಲಯದ ಮೊದಲ ವೆಬ್ ಪುಟಗಳನ್ನು ಮತ್ತೆ ಅದೇ ವಿಳಾಸದಲ್ಲಿ ಇಟ್ಟಿದ್ದಾರೆ. 1990ರ ದಶಕದ ಆರಂಭದ ಪುಟಗಳವು. ಇವತ್ತಿನ ಫೋನಿನಲ್ಲಿ ತೆರೆದರೂ ಅಕ್ಷರ ಅಕ್ಷರವೂ ಓದಲು ಬರುತ್ತದೆ, ಹಲವು ಕೊಂಡಿಗಳೂ ಕೆಲಸ ಮಾಡುತ್ತವೆ. ಪಾಠ ಮಾಡುವವರಿಗೆ ಇದಕ್ಕಿಂತ ಹೆಚ್ಚಿನ ಭರವಸೆ ಬೇಕೇ?

ಈಗ ನಿಮ್ಮ ಫೈಲ್‌ಗಳು. ಹಳೆಯ ಕಂಪ್ಯೂಟರ್, ಸಿಡಿ, ಪೆನ್‌ಡ್ರೈವ್ ಎಲ್ಲವನ್ನೂ ಹುಡುಕಿ. ಎರಡು ಬಗೆಯ ಫೈಲ್ ಇರುತ್ತವೆ. ಎಫ್‌ಎಲ್‌ಎ ಎಂಬುದು ನೀವು ಕೂತು ಚಿತ್ರ ಬಿಡಿಸಿದ ಮೂಲ. ಎಸ್‌ಡಬ್ಲ್ಯುಎಫ್ ಎಂಬುದು ಅದರಿಂದ ತಯಾರಾಗಿ ಬ್ರೌಸರ್‌ಗೆ ಹೋಗುತ್ತಿದ್ದದ್ದು. ಮೂಲ ಸಿಕ್ಕರೆ ಅದೃಷ್ಟ.

ಒಂದು ಎಸ್‌ಡಬ್ಲ್ಯುಎಫ್ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ. ಪೂರ್ತಿ ಅರ್ಥವಾಗದ ಗುರುತುಗಳೇ ಕಾಣುತ್ತವೆ, ಹೆದರಬೇಡಿ. ಏನನ್ನೂ ಬದಲಿಸದೆ, ಸೇವ್ ಮಾಡದೆ, ಮೊದಲ ಮೂರು ಇಂಗ್ಲಿಷ್ ಅಕ್ಷರ ಮಾತ್ರ ನೋಡಿ. ಎಫ್, ಡಬ್ಲ್ಯು, ಎಸ್ ಎಂದಿದ್ದರೆ ಅದು ಒತ್ತಿ ಚಿಕ್ಕದು ಮಾಡದ ಫೈಲ್. ಮೊದಲಕ್ಷರ ಸಿ ಅಥವಾ ಝಡ್ ಇದ್ದರೆ ಒತ್ತಿ ಚಿಕ್ಕದು ಮಾಡಿದ್ದು. ಈ ಮೂರರಲ್ಲಿ ಒಂದು ಕಂಡರೆ ಅದು ಫ್ಲ್ಯಾಶ್ ಫೈಲೇ, ತಲೆಯ ಭಾಗವೂ ನೆಟ್ಟಗಿದೆ ಎಂದರ್ಥ. ಹಳೆಯ ಸಿಡಿಯಿಂದ ತೆಗೆದ ಫೈಲ್‌ಗಳನ್ನು ನಾನು ಮೊದಲು ಹೀಗೇ ನೋಡುವುದು.

ಆಮೇಲೆ ರಫಲ್ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಿ. ಅದು ಫ್ಲ್ಯಾಶ್ ಪ್ಲೇಯರನ್ನು ಮೊದಲಿನಿಂದ ಹೊಸದಾಗಿ ಬರೆದದ್ದು, ಕೋಡ್ ಎಲ್ಲರಿಗೂ ತೆರೆದಿದೆ. ಬ್ರೌಸರ್‌ನಲ್ಲಿ ವೆಬ್‌ಅಸೆಂಬ್ಲಿ ಮೇಲೆ ಓಡುತ್ತದೆ, ಅಂದರೆ ಪ್ಲಗಿನ್ ಬೇಡ. ಬ್ರೌಸರ್ ತನ್ನ ಬೇಲಿಯೊಳಗೇ ಇಟ್ಟು ಓಡಿಸುವುದರಿಂದ ಹಳೆಯ ಅಪಾಯ ಇಲ್ಲ. ಇಂಟರ್ನೆಟ್ ಆರ್ಕೈವ್ ಹಳೆಯ ಫ್ಲ್ಯಾಶ್ ಆಟಗಳನ್ನು ಉಳಿಸಿ ತೋರಿಸುತ್ತಿರುವುದು ಇದರಿಂದಲೇ. ನಿಮ್ಮ ಪಾಠಗಳಲ್ಲಿ ಫ್ಲ್ಯಾಶ್‌ನ ಕೋಡ್ ಭಾಷೆಯಾದ ಆ್ಯಕ್ಷನ್‌ಸ್ಕ್ರಿಪ್ಟ್‌ನ 1 ಅಥವಾ 2ನೇ ಆವೃತ್ತಿ ಬಳಸಿದ್ದರೆ ಬಹುತೇಕ ಹಾಗೇ ಓಡುತ್ತವೆ. 3 ಬಳಸಿದ್ದರೆ ಒಂದೊಂದನ್ನೂ ಓಡಿಸಿ ನೋಡಿ, ಯಾವ ಬಟನ್ ಕೆಲಸ ಮಾಡುತ್ತಿಲ್ಲ ಎಂದು ಬರೆದಿಟ್ಟುಕೊಳ್ಳಿ. ಎಲ್ಲೋ ಸಿಕ್ಕ ಹಳೆಯ ಫ್ಲ್ಯಾಶ್ ಪ್ಲೇಯರನ್ನು ಮಾತ್ರ ಇಳಿಸಿಕೊಳ್ಳಬೇಡಿ. ಆ ಹೆಸರಿನಲ್ಲಿ ವೈರಸ್ ಹಂಚುವವರು ಆಗಲೂ ಇದ್ದರು, ಈಗಲೂ ಇದ್ದಾರೆ.

ನಾಳೆ ತರಗತಿಯಲ್ಲಿ ತೋರಿಸಲು ಇಷ್ಟು ಸಾಕು. ಆದರೆ ಮುಖ್ಯವಾದ ನಾಲ್ಕಾರು ಪಾಠಗಳನ್ನು ಹೊಸದಾಗಿ ಕಟ್ಟಿ ಎಂದು ನಾನು ಕೇಳಿಕೊಳ್ಳುತ್ತೇನೆ. ಎಫ್‌ಎಲ್‌ಎ ಇದ್ದರೆ ಅಡೋಬಿ ಆ್ಯನಿಮೇಟ್‌ನಲ್ಲಿ ತೆರೆದು ಎಚ್‌ಟಿಎಂಎಲ್5 ಕ್ಯಾನ್ವಾಸ್ ಆಗಿ ಹೊರತೆಗೆಯಬಹುದು. ಚಿತ್ರ, ಚಲನೆ ಬಹುಮಟ್ಟಿಗೆ ಬರುತ್ತವೆ. ಆ್ಯಕ್ಷನ್‌ಸ್ಕ್ರಿಪ್ಟ್ ಮಾತ್ರ ಜಾವಾಸ್ಕ್ರಿಪ್ಟ್‌ನಲ್ಲಿ ಮತ್ತೆ ಬರೆಯಬೇಕು. ಮೂಲ ಇಲ್ಲದಿದ್ದರೆ ಜೆಪೆಕ್ಸ್ ಎಂಬ ಉಚಿತ ತಂತ್ರಾಂಶ ಎಸ್‌ಡಬ್ಲ್ಯುಎಫ್ ಒಳಗಿಂದ ಗೆರೆಚಿತ್ರಗಳನ್ನು ಎಸ್‌ವಿಜಿ ರೂಪದಲ್ಲಿ ಬಿಡಿಸಿ ಕೊಡುತ್ತದೆ.

ಇಲ್ಲೊಂದು ಎಚ್ಚರಿಕೆ ಇದೆ, ಅದಕ್ಕೇ ಚೌಕವನ್ನು ಮರೆಯಬೇಡಿ ಎಂದದ್ದು. ಕ್ಯಾನ್ವಾಸ್ ಮುಕ್ತ ಮಾನದಂಡವೇ, ಆದರೆ ಅದೂ ಒಂದು ಚೌಕ. ಅದರ ಮೇಲೆ 'ಹೃತ್ಕುಕ್ಷಿ' ಎಂದು ಬರೆದರೆ ಅದು ಬಣ್ಣದ ಚುಕ್ಕಿಗಳಾಗುತ್ತದೆ, ಪದವಾಗಿ ಉಳಿಯುವುದಿಲ್ಲ. ಪರದೆ ಓದುವ ತಂತ್ರಾಂಶಕ್ಕೆ ಅಲ್ಲಿ ಏನೂ ಕಾಣದು. ಪ್ಲಗಿನ್ ಹೋದರೂ ನನ್ನ ಸಹೋದ್ಯೋಗಿ ಅಂದು ಸಿಕ್ಕಿಕೊಂಡ ತೊಂದರೆ ಹಾಗೇ ಇರುತ್ತದೆ. ಎಸ್‌ವಿಜಿ ಹಾಗಲ್ಲ. ಅದರಲ್ಲಿ ಗೆರೆ ಗೆರೆಯಾಗಿ, ಪದ ಪದವಾಗಿಯೇ ಪುಟದ ಭಾಗವಾಗಿರುತ್ತದೆ. ಎಡ ಹೃತ್ಕರ್ಣ ಒಂದು ಆಕಾರ, ಬಲ ಹೃತ್ಕರ್ಣ ಇನ್ನೊಂದು, ಕವಾಟಗಳು ಬೇರೆ ಬೇರೆ. ಪ್ರತಿಯೊಂದಕ್ಕೂ ಹೆಸರು ಕೊಡಬಹುದು, ಪುಟದ ನೋಟವನ್ನು ಹೇಳುವ ಸಿಎಸ್‌ಎಸ್ ಭಾಷೆಯಿಂದ ಕುಗ್ಗಿಸಿ ಹಿಗ್ಗಿಸಬಹುದು. ಹೃದಯ ಬಡಿಯಲು ಹತ್ತಿಪ್ಪತ್ತು ಸಾಲು ಸಾಕಾಗುತ್ತದೆ. 'ಮುಂದೆ', 'ನಿಲ್ಲಿಸು' ಎಂಬುವನ್ನು ಸಾದಾ ಎಚ್‌ಟಿಎಂಎಲ್ ಬಟನ್‌ಗಳಾಗಿ ಚಿತ್ರದ ಕೆಳಗೆ ಇಡಿ. ಪಾಠವನ್ನು ಬರೀ ವಿಡಿಯೊ ಮಾಡಿಟ್ಟರೆ ಸುಲಭ, ಆದರೆ ಮಕ್ಕಳು ಒತ್ತಿ ನೋಡುವುದಕ್ಕೆ ಏನೂ ಉಳಿಯುವುದಿಲ್ಲ. ಬೇರೆ ದಾರಿ ಇಲ್ಲದಾಗ ಮಾತ್ರ ಹಾಗೆ ಮಾಡಿ.

ಹೃದಯದ ಪಾಠದಿಂದಲೇ ಶುರು ಮಾಡಿ. ಮುಗಿದ ಮೇಲೆ ಅದನ್ನು ಎರಡು ಬೇರೆ ಎಂಜಿನ್‌ನ ಬ್ರೌಸರ್‌ಗಳಲ್ಲಿ ತೆರೆಯಿರಿ, ಕ್ರೋಮ್‌ನಲ್ಲೊಮ್ಮೆ, ಫೈರ್‌ಫಾಕ್ಸ್‌ನಲ್ಲೊಮ್ಮೆ. ಕಂಟ್ರೋಲ್ ಮತ್ತು ಎಫ್ ಒತ್ತಿ 'ಹೃತ್ಕರ್ಣ' ಎಂದು ಹುಡುಕಿ. ಪದ ಸಿಕ್ಕಿತು ಅಂದರೆ ನಿಮ್ಮ ಪಾಠ ಚೌಕದಿಂದ ಹೊರಗೆ ಬಂದಿದೆ. ಸಿಗದಿದ್ದರೆ, ಆ ಅಕ್ಷರಗಳನ್ನು ಎಲ್ಲಿ ಚಿತ್ರ ಮಾಡಿಬಿಟ್ಟಿರಿ ಎಂದು ನೋಡಿ, ಅಲ್ಲಿಂದ ತಿದ್ದಿ. ಹಳೆಯ ಎಫ್‌ಎಲ್‌ಎ, ಎಸ್‌ಡಬ್ಲ್ಯುಎಫ್ ಎರಡನ್ನೂ ಹೊಸ ಪಾಠದ ಪಕ್ಕದಲ್ಲೇ, ಅದೇ ಫೋಲ್ಡರ್‌ನಲ್ಲಿ ಜೋಪಾನವಾಗಿ ಇಟ್ಟುಕೊಳ್ಳಿ.